ಕೇಬಲ್ ಭಾವ ಹಾಕಿಸಿದ ಲೈನು

ವಿದ್ಯುತ್ ಸಾಮಾನಿನ ಅಂಗಡಿಗಳೇ ಸಾಲಾಗಿರುವ ಆ ಬೀದಿಯಲ್ಲಿ, ಬೇಗ ಮನೆ ಸೇರಬೇಕೆಂದಿರುವವರು ಮೂಲೆಯ ಅಂಗಡಿಗೆ ಕಾಲಿಡುತ್ತಿರಲಿಲ್ಲ. ಮೂಲೆಯ ಅಂಗಡಿ ಕೇಬಲ್ ಭಾವನದು. ಅಲ್ಲಿ ಸಾಮಾನು ಒಳ್ಳೆಯದು, ತೂಕ ಅಳತೆಯಲ್ಲಿ ಮೋಸವಿಲ್ಲ. ಆದರೆ ಸಾಮಾನಿನ ಜೊತೆಗೆ ಜ್ಞಾನವನ್ನೂ ಕೊಂಡೊಯ್ಯಬೇಕಾಗಿತ್ತು, ಬೇಡವೆಂದರೂ ಬಿಡುತ್ತಿರಲಿಲ್ಲ.

ಅವನ ಅಪ್ಪ ಅದೇ ಅಂಗಡಿಯಲ್ಲಿ ಹಗ್ಗ ಮಾರುತ್ತಿದ್ದ. ಹಗ್ಗದ ಬಗ್ಗೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲದ್ದರಿಂದ ಅಪ್ಪ ಮಿತಭಾಷಿಯಾಗಿಯೇ ಬದುಕಿ ಮಿತಭಾಷಿಯಾಗಿಯೇ ತೀರಿಕೊಂಡ. ಮಗ ಹಗ್ಗದ ಸುರುಳಿಗಳನ್ನು ತೆಗೆದು ತಂತಿಯ ಸುರುಳಿಗಳನ್ನು ತಂದಿಟ್ಟ. ಅಂದಿನಿಂದ ಅಪ್ಪ ಆಡದೆ ಉಳಿಸಿದ್ದ ಮಾತನ್ನೆಲ್ಲ ಮಗ ಖರ್ಚು ಮಾಡತೊಡಗಿದ.

ಭಾವ ಎಂಬ ಹೆಸರು ಬಂದದ್ದು ಹೆಂಡತಿಯ ತಮ್ಮನಿಂದ. ಮದುವೆಯ ಹೊಸತರಲ್ಲಿ ಆ ತಮ್ಮ ಅಂಗಡಿಯಲ್ಲೇ ಕೆಲಸಕ್ಕಿದ್ದ. ದಿನವಿಡೀ "ಭಾವ, ಆ ಟೇಪು ಎಲ್ಲಿದೆ, ಭಾವ, ಈ ಸುರುಳಿ ಯಾರದು" ಎಂದು ಕೂಗುತ್ತಿದ್ದ. ಗಿರಾಕಿಗಳೂ ಅದನ್ನೇ ಹಿಡಿದುಕೊಂಡರು. ಈಗ ಅವನಿಗಿಂತ ಹಿರಿಯರು, ಬ್ಯಾಂಕಿನವರು, ಪೊಲೀಸಿನವರು ಎಲ್ಲರೂ ಅವನನ್ನು ಭಾವ ಎನ್ನುತ್ತಾರೆ. ಹಾಗಾಗಿ ಊರಿಗೆಲ್ಲ ಅಕ್ಕನಾಗಬೇಕಾಗಿ ಬಂದದ್ದು ಹೆಂಡತಿಗೆ ಅಷ್ಟೇನೂ ಹಿಡಿಸಿರಲಿಲ್ಲ. ಆದರೆ ಅವಳಿಗೆ ಹಿಡಿಸದ ಸಂಗತಿಗಳು ಬೇರೆಯೂ ಇದ್ದುದರಿಂದ ಇದನ್ನು ದೊಡ್ಡದು ಮಾಡಲಿಲ್ಲ. ಮದುವೆಗೆ ಮುಂಚೆ ಇಬ್ಬರೂ ಮಾತಾಡಿಕೊಳ್ಳಲಿ ಎಂದು ಹಿರಿಯರು ಒಂದು ಕೋಣೆಯಲ್ಲಿ ಬಿಟ್ಟಾಗ, ಈ ಮಹಾಶಯ ಅವಳ ಮುಖ ನೋಡುವುದು ಬಿಟ್ಟು ಆ ಕೋಣೆಯ ವೈರಿಂಗ್ ನೋಡಿ ಮರುಗಿದ್ದನಂತೆ.

ಅವನ ಗಲ್ಲಾದ ಮೇಲೆ ಗೇಣುದ್ದದ ಕೇಬಲ್ ತುಂಡೊಂದು ಸದಾ ಇರುತ್ತಿತ್ತು. ಬಾಳೆದಿಂಡು ಸುಲಿದಂತೆ ಅದನ್ನು ಪದರ ಪದರವಾಗಿ ಮೆಟ್ಟಿಲು ಮೆಟ್ಟಿಲು ಮಾಡಿ ಸುಲಿದಿಟ್ಟಿದ್ದ. ಗಿರಾಕಿ ಬಂದು ನಿಂತರೆ ಸಾಕು, ಅದು ಕೈಗೆ ಬರುತ್ತಿತ್ತು.

"ನೋಡಿ ಇವರೇ, ಒಳಗಿರೋದು ತಾಮ್ರ, ಕರೆಂಟು ಹೋಗೋದು ಇದರಲ್ಲಿ. ಅದರ ಮೇಲಿನ ಬಣ್ಣದ ಸಿಪ್ಪೆ ಇದೆಯಲ್ಲ, ಇದು ಇನ್ಸುಲೇಶನ್ನು. ಕರೆಂಟು ಹೊರಗೆ ಬಾರದ ಹಾಗೆ ತಡೆಯೋದು ಇದೊಂದೇ. ನಿಮ್ಮನೆ ಗೋಡೆ ಪೈಪಿನೊಳಗೆ ಇರೋದು ಇಷ್ಟೇ, ಅಲ್ಲಿಗೆ ಇಷ್ಟು ಸಾಕು. ಆದ್ರೆ ಮಣ್ಣಲ್ಲಿ ಹೂಳಬೇಕು ಅಂದ್ರೆ? ಅಲ್ಲಿ ಇಲಿ ಇದೆ, ಕಲ್ಲಿದೆ, ಮೇಲೆ ಲಾರಿ ಓಡತ್ತೆ, ಯಾವನೋ ಬಂದು ಗುದ್ದಲಿ ಹಾಕ್ತಾನೆ. ಅದಕ್ಕೇ ಸುತ್ತಲೂ ಈ ಉಕ್ಕಿನ ತಂತಿ. ಒತ್ತೊತ್ತಾಗಿ ಹೇಗೆ ಸುತ್ತಿದಾರೆ ನೋಡಿ. ಇದಕ್ಕೆ ಆರ್ಮರ್ ಅಂತಾರೆ, ಅಂದ್ರೆ ಕವಚ. ಅದರ ಮೇಲೆ ಮತ್ತೆ ಕಪ್ಪು ತೊಗಲು, ನೀರು ಇಳೀಬಾರದು ಅಂತ."

"ನನಗೊಂದು ಪ್ಲಗ್ಗು ಬೇಕಿತ್ತು," ಎನ್ನುತ್ತಿದ್ದ ಗಿರಾಕಿ.

"ಕೊಡೋಣ. ಮುಖ್ಯವಾದ್ದು ಈಗ ಬರತ್ತೆ. ಈ ಕವಚ ಇದೆಯಲ್ಲ, ಇದರ ತುದೀನ ಗ್ಲ್ಯಾಂಡು ಅನ್ನೋ ಹಿತ್ತಾಳೆ ಬಿರಡೆಯಲ್ಲಿ ಬಿಗಿದು, ಅಲ್ಲಿಂದ ಭೂಮಿಗೆ ಕೊಡಬೇಕು. ಅರ್ತಿಂಗು. ಅದನ್ನ ಮಾಡದೇ ಹೋದ್ರೆ, ಒಳಗಿನ ಸಿಪ್ಪೆ ಎಲ್ಲಾದ್ರೂ ಸೀಳಿದಾಗ ಈ ಕವಚಕ್ಕೇ ಕರೆಂಟು ಹತ್ತಿ ಕೂರತ್ತೆ. ಆಮೇಲೆ ಆ ಕವಚ ಎಲ್ಲೆಲ್ಲಿ ಮುಟ್ಟಿದೆಯೋ ಅಲ್ಲೆಲ್ಲ ಶಾಕು. ಭೂಮಿಗೆ ಕೊಟ್ಟಿದ್ರೆ ಆ ಕ್ಷಣಕ್ಕೇ ಸ್ವಿಚ್ಚು ಟ್ರಿಪ್ ಆಗಿ ಲೈನೇ ಸಾಯತ್ತೆ. ಅರ್ತ್ ಮಾಡದ ಆರ್ಮರು ಶತ್ರು ಇದ್ದ ಹಾಗೆ, ತಿಳೀತಾ?"

ಇಷ್ಟರಲ್ಲಿ ಹೆಂಡತಿ ಗಲ್ಲಾದ ಆ ತುದಿಯಲ್ಲಿ ಪ್ಲಗ್ಗು ಕೊಟ್ಟು, ಚಿಲ್ಲರೆ ಕೊಟ್ಟು, ಗಿರಾಕಿಯನ್ನು ಕಣ್ಸನ್ನೆಯಲ್ಲೇ ಬಿಡುಗಡೆ ಮಾಡಿರುತ್ತಿದ್ದಳು. ವ್ಯಾಪಾರ ನಡೆಯುತ್ತಿದ್ದದ್ದು ಆ ತುದಿಯಲ್ಲಿ. ಈ ತುದಿಯಲ್ಲಿ ನಡೆಯುತ್ತಿದ್ದದ್ದು ಪಾಠ.

ಅವನು ಹೇಳುತ್ತಿದ್ದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ ಎನ್ನುವುದೇ ಈ ಕಥೆಯ ದುರಂತ.

ಕೆಲವು ವರ್ಷ ಅಂಗಡಿಯಲ್ಲಿ ದುಡಿದು, ಪಾಠ ಕೇಳಿ ಕೇಳಿ ಕಿವಿ ತೂತು ಬಿದ್ದ ಮೇಲೆ, ಹೆಂಡತಿಯ ತಮ್ಮ ತನ್ನದೇ ಒಂದು ಲಾಂಡ್ರಿ ಹಾಕುವುದೆಂದು ಹೊರಟ. ಇದು ಅಂಗಿ ಇಸ್ತ್ರಿ ಮಾಡುವ ಬೀದಿ ಬದಿಯ ಲಾಂಡ್ರಿಯಲ್ಲ. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆಯನ್ನು ಗಾಡಿಗಟ್ಟಲೆ ತಂದು ಒಗೆದು ಒಣಗಿಸಿ ಕಳಿಸುವ ದೊಡ್ಡ ಶೆಡ್ಡು. ಬಸ್ ಡಿಪೋದ ಹಿಂದೆ ಜಾಗ ಸಿಕ್ಕಿತು. ಮೀಟರ್ ರೂಮು ಗೇಟಿನ ಪಕ್ಕ, ಯಂತ್ರಗಳು ಅಂಗಳದಾಚೆ. ನಡುವೆ ಲಾರಿ ತಿರುಗುವಷ್ಟು ಬಯಲು. ಆ ಬಯಲಿನಡಿ ಲೈನು ಎಳೆಯಬೇಕು.

"ಪ್ಲಾಸ್ಟಿಕ್ ಪೈಪಿನಲ್ಲಿ ಮಾಮೂಲಿ ವೈರು ಹಾಕಿ ಮುಚ್ಚಿಬಿಡೋಣ ಭಾವ," ಎಂದ ತಮ್ಮ. "ಮಣ್ಣಿನಡಿ ಯಾರು ನೋಡ್ತಾರೆ?"

ಭಾವನಿಗೆ ಯಾರೋ ಮುಖಕ್ಕೆ ಉಗಿದಂತಾಯಿತು. "ನನ್ನ ಅಂಗಡಿಯಲ್ಲಿ ಇಷ್ಟು ವರ್ಷ ಇದ್ದು ಕಲಿತದ್ದು ಇದೇ ಏನಯ್ಯಾ? ಮೇಲೆ ಲಾರಿ ಹೋಗೋ ಜಾಗ, ಆರ್ಮರ್ಡ್ ಕೇಬಲ್ಲೇ ಬೇಕು. ಅದೂ ನಾನೇ ನಿಂತು ಹಾಕಿಸ್ತೀನಿ."

ನಿಂತು ಹಾಕಿಸಿದ, ಅದನ್ನು ಒಪ್ಪಬೇಕು. ಸೊಂಟದಾಳ ತೋಡಿಸಿದ, ಕೆಳಗೆ ಮರಳು ಹಾಸಿಸಿದ. ದಪ್ಪ ಹೆಬ್ಬಾವಿನಂಥ ಕೇಬಲ್ಲನ್ನು ಎಲ್ಲೂ ಕತ್ತು ಮುರಿದಂತೆ ಬಾಗಿಸದೆ ಅಗಲ ತಿರುವಿನಲ್ಲಿ ಮಲಗಿಸಿದ. ಮೇಲೆ ಮತ್ತೆ ಮರಳು, ಅದರ ಮೇಲೆ ಸಾಲು ಇಟ್ಟಿಗೆ. ಮುಂದೆಂದಾದರೂ ಅಗೆಯುವವನಿಗೆ ಮೊದಲು ಇಟ್ಟಿಗೆ ತಾಗಿ, ಅಡಿಯಲ್ಲೇನೋ ಇದೆ ಎಂದು ಗೊತ್ತಾಗಲಿ ಅಂತ. ಬಿಸಿಲಲ್ಲಿ ನಿಂತು ಮೂಗಿನ ಸಿಪ್ಪೆ ಸುಲಿದುಹೋಯಿತು. ಕೆಲಸದವರು ಅವನಿಲ್ಲದಾಗ ಅವನಂತೆಯೇ ಮಾತಾಡಿ ತೋರಿಸಿ ನಗುತ್ತಿದ್ದರು.

ಲಾಂಡ್ರಿ ಶುರುವಾಗುವ ದಿನ ನೆಂಟರಿಷ್ಟರೆಲ್ಲ ಬಂದಿದ್ದರು. ಬಟ್ಟೆ ಒಗೆಯಲು ಕೊಡುವ ಆಸ್ಪತ್ರೆಯ ಮೇಲಧಿಕಾರಿಯೂ ಬಂದು ಮೊದಲ ಸಾಲಿನ ಕುರ್ಚಿಯಲ್ಲಿ ಗಡಿಯಾರ ನೋಡಿಕೊಳ್ಳುತ್ತ ಕೂತಿದ್ದರು. ಯಂತ್ರದ ಕಡೆಯ ಗ್ಲ್ಯಾಂಡು ಸರಿಯಾಗಿ ಕೂತಿತ್ತು. ಮೀಟರ್ ರೂಮಿನಿಂದ ವೈರಿಂಗ್ ಮೇಸ್ತ್ರಿ ತಲೆ ಹೊರಗೆ ಹಾಕಿದ.

"ಭಾವ, ಈ ಕಡೆ ಗ್ಲ್ಯಾಂಡು ಹಿಡೀತಿಲ್ಲ. ಸೈಜು ದೊಡ್ಡದು ಬಂದಿದೆ, ಕೇಬಲ್ ಒಳಗೆ ಲೊಳಲೊಳ ಅಂತಿದೆ."

ದೊಡ್ಡ ಸೈಜು ಬಂದದ್ದು ಎಲ್ಲಿಂದ? ಭಾವನ ಅಂಗಡಿಯಿಂದಲೇ. ಕಟ್ಟಿಕೊಟ್ಟದ್ದು ಯಾರು? ಭಾವನೇ. ಕಟ್ಟುವಾಗ ಯಾರಿಗೋ ಗ್ಲ್ಯಾಂಡಿನ ಮಹತ್ವ ವಿವರಿಸುತ್ತಿದ್ದುದರಿಂದ ಸೈಜಿನ ಕಡೆ ಗಮನ ಹೋಗಿರಲಿಲ್ಲ.

"ಈಗ ಲೈನು ಕೊಟ್ಟುಬಿಡು," ಎಂದ ಭಾವ ದನಿ ತಗ್ಗಿಸಿ. "ಆರ್ಮರಿನ ತುದಿಗೆ ಟೇಪು ಸುತ್ತಿ ಬಿಡು. ನಾಳೆ ಸರಿಯಾದ್ದು ಕಳಿಸ್ತೀನಿ, ಹಾಕಿ ಅರ್ತ್ ಕೊಟ್ಟರಾಯ್ತು."

"ಅರ್ತ್ ಇಲ್ದೇನೇ?"

"ಒಂದು ದಿನಕ್ಕೆ ಏನಾಗತ್ತಯ್ಯಾ. ದೊಡ್ಡವರು ಕಾದು ಕೂತಿದಾರೆ."

ಟೇಪು ಎಲ್ಲೆಂದು ಹುಡುಕುವಾಗ ಹೆಂಡತಿ ತನ್ನ ಚೀಲದಿಂದ ತೆಗೆದು ಕೊಟ್ಟಳು. ಕೇಬಲ್ ಭಾವನ ಹೆಂಡತಿಯ ಚೀಲದಲ್ಲಿ ಇನ್ನೇನಿರುತ್ತದೆ?

ಆಮೇಲೆ ಭಾವ ವೇದಿಕೆ ಏರಿದ. ಆರ್ಮರ್ಡ್ ಕೇಬಲ್ ಎಂದರೇನು, ಅದು ಈ ಶೆಡ್ಡಿನಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳ ಜೀವವನ್ನು ಹೇಗೆ ಕಾಯುತ್ತದೆ ಎಂಬುದರ ಮೇಲೆ ಉಜ್ವಲವಾಗಿ ಮಾತಾಡಿದ. ಅರ್ತಿಂಗಿನ ಭಾಗ ಬಂದಾಗ ಅವನ ದನಿ ತುಸು ಗದ್ಗದವಾಯಿತು ಕೂಡ. ಅದೇ ಹೊತ್ತಿಗೆ ಮೀಟರ್ ರೂಮಿನಲ್ಲಿ ಆ ಕವಚದ ತುದಿ ಕಪ್ಪು ಟೇಪು ಸುತ್ತಿಕೊಂಡು, ಯಾವ ಭೂಮಿಗೂ ಸೇರದೆ ಮೂಲೆಯಲ್ಲಿ ಜೋತಾಡುತ್ತಿತ್ತು. ಚಪ್ಪಾಳೆ ಚೆನ್ನಾಗಿಯೇ ಬಿತ್ತು.

ಮೇಸ್ತ್ರಿ ಅದೇ ವಾರ ಬೇರೆ ಊರಿನಲ್ಲಿ ದೊಡ್ಡ ಕೆಲಸ ಸಿಕ್ಕಿ ಹೊರಟುಹೋದ. ಭಾವನಿಗೆ ಮಾರನೆಯ ದಿನ ಗಿರಾಕಿ ಹೆಚ್ಚು. ಅದರ ಮಾರನೆಯ ದಿನ ನೆನಪು ಕಡಿಮೆ. ಸರಿಯಾದ ಸೈಜಿನ ಗ್ಲ್ಯಾಂಡು ಅಂಗಡಿಯ ಕಪಾಟಿನಲ್ಲೇ ಉಳಿಯಿತು.

ಮಳೆಗಾಲಕ್ಕೆ ಮುಂಚೆ ತಮ್ಮನಿಗೆ ಅಂಗಳದ ನಡುವೆ ದೀಪದ ಬೋರ್ಡು ನಿಲ್ಲಿಸುವ ಆಸೆಯಾಯಿತು. ಕಂಬಕ್ಕೆ ಗುಂಡಿ ತೋಡುವವರು ಬಂದರು. ಇಟ್ಟಿಗೆ ಸಿಕ್ಕಿತು. ಯಾವುದೋ ಹಳೆಯ ಗೋಡೆಯ ಪಾಯ ಎಂದುಕೊಂಡು ತೆಗೆದು ಪಕ್ಕಕ್ಕಿಟ್ಟು ಹಾರೆ ಹಾಕಿದರು. ಹಾರೆಗೆ ಏನೋ ಗಟ್ಟಿ ತಾಗಿತು, ಬೇರು ಎಂದುಕೊಂಡರು. ಕಂಬ ನಿಂತಿತು, ಬೋರ್ಡು ಬೆಳಗಿತು, ತಮ್ಮ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡ. ಕೆಳಗೆ ಮಣ್ಣಿನಲ್ಲಿ ಕೇಬಲ್ಲಿನ ಕಪ್ಪು ತೊಗಲು ಹರಿದಿತ್ತು, ಕವಚದ ತಂತಿಗಳು ಒಳಕ್ಕೆ ಕುಸಿದು ಸಿಪ್ಪೆಗೆ ಚುಚ್ಚಿಕೊಂಡಿದ್ದವು. ಅಲ್ಲಿಂದಾಚೆ ಮಳೆ ನೀರೂ ಲಾಂಡ್ರಿಯ ಸೋಪಿನ ನೀರೂ ಸಾವಕಾಶವಾಗಿ ಆ ಗಾಯದೊಳಕ್ಕೆ ಇಳಿಯುತ್ತ ಹೋದವು.

ಮೊದಲು ಅದನ್ನು ಅನುಭವಿಸಿದ್ದು ಒಗೆಯುವ ಯಂತ್ರಕ್ಕೆ ಬಟ್ಟೆ ತುಂಬುವ ಒಬ್ಬ ಹೆಂಗಸು. ಸಣ್ಣ ಮಗುವಿನ ತಾಯಿ, ಹೆಚ್ಚು ಮಾತಾಡುವವಳಲ್ಲ. "ಬಾಗಿಲು ಮುಟ್ಟಿದ್ರೆ ಕೈ ಜುಮ್ ಅನ್ನತ್ತೆ," ಎಂದಳು. ಪಕ್ಕದವಳು ಮುಟ್ಟಿ ನೋಡಿದಳು. ಅವಳ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ಏನೂ ಆಗಲಿಲ್ಲ. ಇವಳ ಚಪ್ಪಲಿಯ ಅಡಿ ಸವೆದು ತೂತಾಗಿತ್ತು. ಅಷ್ಟಕ್ಕೆ ಇವಳು ಸುಳ್ಳಿಯಾದಳು.

ತಮ್ಮ ಭಾವನಿಗೆ ಫೋನು ಮಾಡಿದ. ಭಾವ ಕೂತಲ್ಲೇ ತೀರ್ಪು ಕೊಟ್ಟ.

"ಒಣಗಿಸೋ ಯಂತ್ರ, ನೈಲಾನ್ ಬಟ್ಟೆ, ಬಿಸಿ ಗಾಳಿ. ಅದು ಸ್ಟ್ಯಾಟಿಕ್ಕು ಕಣಯ್ಯಾ. ಬಾಚಣಿಗೆ ತಲೆಗೆ ಉಜ್ಜಿದ್ರೆ ಕಾಗದ ಹಿಡಿಯಲ್ವಾ, ಹಾಗೆ."

"ಲೈನಿನಲ್ಲೇನಾದ್ರೂ ತೊಂದ್ರೆ?"

"ಯಾರು ಹಾಕಿಸಿದ ಲೈನು ಅದು?"

ಅಲ್ಲಿಗೆ ಮಾತು ಮುಗಿಯಿತು. ಯಾವ ಯಂತ್ರ ಎಂದು ಅವನು ಕೇಳಲಿಲ್ಲ. ತಮ್ಮನೂ ಹೇಳಲಿಲ್ಲ. ತಮ್ಮ ಶೆಡ್ಡಿಗೆ ಬಂದು, ಇದು ಸ್ಟ್ಯಾಟಿಕ್ಕಂತೆ, ಭಾವ ಹೇಳಿದ್ದಾರೆ ಎಂದ. ಆಮೇಲೆ ಅವಳ ಕಡೆ ತಿರುಗಿ, "ನಿಂಗೆ ನರ ವೀಕು ಇರಬೇಕಮ್ಮ, ಟಾನಿಕ್ಕು ಕುಡಿ," ಎಂದು ವೈದ್ಯಕೀಯವನ್ನೂ ಸೇರಿಸಿದ. ಉಳಿದವರು ಅವಳಿಗೆ ಜುಮ್ಮಕ್ಕ ಎಂದು ಹೆಸರಿಟ್ಟರು. ಅವಳು ಬಾಗಿಲು ಮುಟ್ಟಲು ಹೋದಾಗಲೆಲ್ಲ ಯಾರಾದರೊಬ್ಬರು ಹಿಂದಿನಿಂದ "ಜುಮ್ಮ್" ಎನ್ನುವರು. ಅವಳು ಬಟ್ಟೆ ಸುತ್ತಿಕೊಂಡ ಕೈಯಿಂದ ಬಾಗಿಲು ತೆಗೆಯುತ್ತ ಕೆಲವು ದಿನ ನೋಡಿದಳು. ಆಮೇಲೆ ಒಂದು ದಿನ ಬರಲಿಲ್ಲ, ಮತ್ತೆ ಬರಲೇ ಇಲ್ಲ.

ಜುಮ್ಮಕ್ಕ ಹೋದ ಮೇಲೂ ಜುಮ್ಮು ಹೋಗಲಿಲ್ಲ. ಅವಳ ಜಾಗಕ್ಕೆ ಇಸ್ತ್ರಿ ಮೇಜಿನಿಂದ ದೊಡ್ಡಮ್ಮ ಬಂದು ನಿಂತಳು. ಶೆಡ್ಡಿನ ಹೆಂಗಸರಲ್ಲೆಲ್ಲ ಹಿರಿಯಳು, ಎಲ್ಲರಿಗೂ ದೊಡ್ಡಮ್ಮ. ಮೊದಲನೆಯ ದಿನವೇ ಬಾಗಿಲು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು. ಯಾರೂ ಅವಳಿಗೆ ಜುಮ್ಮಜ್ಜಿ ಎಂದು ಹೆಸರಿಡುವ ಧೈರ್ಯ ಮಾಡಲಿಲ್ಲ. ಅವಳು ಎಲ್ಲರನ್ನೂ ಎಬ್ಬಿಸಿಕೊಂಡು ಹೋಗಿ ಅಂಗಳದಲ್ಲಿ ಕೂರಿಸಿದಳು.

"ಇದು ಸರಿಯಾಗೋ ತನಕ ಒಳಗೆ ಕಾಲಿಡಲ್ಲ ಸಾಹುಕಾರ್ರೇ. ಬೇಕಾದ್ರೆ ನೀವೇ ಒಗೀರಿ."

ಆಸ್ಪತ್ರೆಯ ಗಾಡಿ ಬಂದು ನಿಂತಿತ್ತು. ತಮ್ಮ ಈ ಸಲ ಫೋನು ಮಾಡಿದ್ದು ಭಾವನಿಗಲ್ಲ, ಅಕ್ಕನಿಗೆ. ಅಕ್ಕ ಅಂಗಡಿಗೆ ಅರ್ಧ ಬಾಗಿಲು ಎಳೆದು, "ಏಳಿ, ಹೋಗೋಣ," ಎಂದು ಗಂಡನನ್ನು ಹೊರಡಿಸಿದಳು.

ಭಾವ ಬಂದ. ಅಂಗಳದಲ್ಲಿ ಇಷ್ಟೊಂದು ಜನ ಸಾಲಾಗಿ ಕೂತಿರುವುದನ್ನು ನೋಡಿ ಅವನ ಮುಖ ಅರಳಿತು. ಪ್ಲಗ್ಗು ಕೇಳದ ಸಭಿಕರು ಸಿಗುವುದು ಅಪರೂಪ.

"ನೋಡಿ ತಾಯಂದಿರೇ, ಇಲ್ಲಿ ಭೂಮಿಯೊಳಗೆ ನಾನು ಹಾಕಿಸಿರೋದು ಆರ್ಮರ್ಡ್ ಕೇಬಲ್ಲು. ಆನೆ ತುಳಿದ್ರೂ..."

"ಒಳಗೆ ಬನ್ನಿ ಭಾವನವರೇ," ಎಂದಳು ದೊಡ್ಡಮ್ಮ. "ಆನೆ ಆಮೇಲೆ ನೋಡೋಣ."

ಒಳಗೆ ನೆಲವೆಲ್ಲ ನೀರು. ಭಾವ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಬಂದಿದ್ದ. ಅನುಮಾನವಿದ್ದ ಲೋಹವನ್ನು ಅಂಗೈಯಿಂದ ಹಿಡಿಯಬಾರದು ಎಂದು ಅವನೇ ಊರಿಗೆಲ್ಲ ಹೇಳಿದ್ದ. ಶಾಕ್ ಹೊಡೆದರೆ ಬೆರಳು ಮುಷ್ಟಿ ಕಟ್ಟಿಕೊಂಡುಬಿಡುತ್ತದೆ, ಬಿಡಿಸಿಕೊಳ್ಳಲಾಗುವುದಿಲ್ಲ. ಆದರೆ ಇಲ್ಲಿ ಅನುಮಾನವೇ ಇರಲಿಲ್ಲವಲ್ಲ. ತನ್ನ ಲೈನು. ಅವನು ನಗುತ್ತ ಹೋಗಿ ಒಗೆಯುವ ಯಂತ್ರದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು, "ಇಷ್ಟೇ..." ಎಂದ.

ಮುಂದಿನ ಮಾತು ಹೊರಡಲಿಲ್ಲ. ಅವನ ಜೀವಮಾನದಲ್ಲಿ ಅವನ ಬಾಯನ್ನು ಪೂರ್ತಿಯಾಗಿ ಕಟ್ಟಿಹಾಕಿದ್ದು ಅದೊಂದೇ. ತೋಳು ಹುರಿಗಟ್ಟಿತು, ಹಲ್ಲು ಕಚ್ಚಿಕೊಂಡವು, ಕಣ್ಣು ಅಗಲವಾದವು. ಕೈ ಮಾತ್ರ ಹಿಡಿಯನ್ನು ಬಿಡಲೊಲ್ಲದು. ಹೆಂಡತಿ ಮುಂದೆ ನುಗ್ಗಿದಳು. ದೊಡ್ಡಮ್ಮ ಅವಳನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ, "ಮುಟ್ಟಬೇಡ," ಎಂದಳು. ಇಸ್ತ್ರಿ ಮೇಜಿನಿಂದ ಗರಿಗರಿ ಒಣಗಿದ್ದ ಮಂಚದ ಹಾಸೊಂದನ್ನು ಎಳೆದುಕೊಂಡು, ಭಾವನ ಸೊಂಟಕ್ಕೆ ಹಿಂದಿನಿಂದ ಬಳಸಿ, ಎರಡೂ ತುದಿ ಹಿಡಿದು ಮೈಯೆಲ್ಲ ಭಾರ ಬಿಟ್ಟು ಜಗ್ಗಿದಳು. ಭಾವ ಹಿಡಿ ಬಿಟ್ಟು ಹಿಮ್ಮುಖವಾಗಿ ಬಂದು ಒದ್ದೆ ಟವೆಲ್ಲುಗಳ ದೊಡ್ಡ ಬುಟ್ಟಿಯಲ್ಲಿ ಬಿದ್ದ. ತಮ್ಮ ಅಂಗಳ ದಾಟಿ ಓಡಿ ಹೋಗಿ ಮೇನ್ ಸ್ವಿಚ್ಚು ಇಳಿಸಿದ.

ಹತ್ತಿರದ ಕ್ಲಿನಿಕ್ಕಿನಲ್ಲಿ ಡಾಕ್ಟರು ಎದೆಯ ಬಡಿತದ ಚೀಟಿ ತೆಗೆದು ನೋಡಿ, ಅಂಗೈಯ ಸುಟ್ಟ ಗಾಯಕ್ಕೆ ಪಟ್ಟಿ ಕಟ್ಟಿ, ಅದೃಷ್ಟವಂತರು ಎಂದರು. ಮನೆಗೆ ಹೋಗಿ ಮಲಗಿ ಎಂದೂ ಹೇಳಿದರು. ಅವನು ಮನೆಗೆ ಹೋಗಲಿಲ್ಲ, ನೇರವಾಗಿ ಲಾಂಡ್ರಿಗೇ ಬಂದ. ಬರುವಾಗ ದಾರಿಯುದ್ದಕ್ಕೂ ಒಂದೂ ಮಾತಾಡಲಿಲ್ಲ. ಹೆಂಡತಿಗೆ ಶಾಕಿಗಿಂತ ಹೆಚ್ಚು ಗಾಬರಿಯಾದದ್ದು ಅದರಿಂದ.

ಬಂದವನೇ ಅಂಗಳದಲ್ಲಿ ನಿಂತು ಲೈನಿನ ಜಾಡನ್ನು ಕಣ್ಣಲ್ಲೇ ಅಳೆದ. ಬೋರ್ಡಿನ ಕಂಬ ಕಾಣಿಸಿತು. ಅದು ಸರಿಯಾಗಿ ಕೇಬಲ್ಲಿನ ನೆತ್ತಿಯ ಮೇಲೆಯೇ ಕೂತಿತ್ತು. ಪಕ್ಕದಲ್ಲಿ ಅಗೆಸಿದ. ಕೊಳೆತ ಸೋಪಿನ ವಾಸನೆ ಬಂತು, ಆಮೇಲೆ ತುಕ್ಕು ಹಿಡಿದ ತಂತಿಗಳು, ನಡುವೆ ಕಪ್ಪಗೆ ಸುಟ್ಟ ಗಾಯ.

ಭಾವನಿಗೆ ಜೀವ ಬಂದಂತಾಯಿತು. ಮಾತೂ ಬಂತು.

"ಈ ಕಂಬ ಯಾರು ನೆಟ್ಟಿದ್ದು?"

ತಮ್ಮ ನೆಲ ನೋಡಿದ.

"ನನ್ನ ಒಂದು ಮಾತು ಕೇಳಿದ್ಯಾ? ಇಟ್ಟಿಗೆ ಸಿಕ್ಕಲಿಲ್ವಾ? ಇಟ್ಟಿಗೆ ಯಾಕೆ ಇಡ್ತಾರೆ ಅಂತ ನಿಂಗೆ ಸಾವಿರ ಸಲ ಹೇಳಿಲ್ವಾ? ನಾಲ್ಕು ಜನ ಹೆಣ್ಣುಮಕ್ಕಳ ಜೀವ ಹೋಗ್ತಿತ್ತಲ್ಲಯ್ಯಾ ನಿನ್ನ ಬೋರ್ಡಿನ ಚಟಕ್ಕೆ."

ಹೆಂಗಸರೆಲ್ಲ ಸಾಹುಕಾರನ ಕಡೆ ತಿರುಗಿದರು. ತಮ್ಮನ ಕಿವಿ ಕೆಂಪಾದವು. ಅವನು ತಪ್ಪು ತನ್ನದೇ ಎಂದು ನಿಜವಾಗಿಯೂ ನಂಬಿಬಿಟ್ಟಿದ್ದ. ಭಾವನಿಗೆ ಒಳಗೊಳಗೇ ನಿರಾಳವಾಗುತ್ತಿತ್ತು. ಹಾರೆಯ ಏಟು ಹಾರೆಯ ಏಟೇ, ಅದರಲ್ಲಿ ಸುಳ್ಳೇನಿದೆ?

"ಮೀಟರ್ ರೂಮಿಗೂ ಒಂದ್ಸಲ ಹೋಗಿ ಬನ್ನಿ," ಎಂದಳು ಹೆಂಡತಿ. ದನಿ ಏರಿಸಿರಲಿಲ್ಲ.

"ಅಲ್ಲೇನಿದೆ ಈಗ."

"ಟೇಪು ಕೊಟ್ಟವಳು ನಾನು. ನನಗೆ ನೆನಪಿದೆ."

ಅಂಗಳದಲ್ಲಿ ಯಾರಿಗೂ ಅದರ ಅರ್ಥವಾಗಲಿಲ್ಲ. ಅರ್ಥವಾದದ್ದು ಅವನೊಬ್ಬನಿಗೆ. ಬುಟ್ಟಿಯಲ್ಲಿ ಟವೆಲ್ಲುಗಳ ಮಧ್ಯೆ ಶೆಡ್ಡಿನ ಮಾಡು ನೋಡುತ್ತ ಬಿದ್ದಿದ್ದಾಗಲೇ ಅದು ಅವನಿಗೆ ಹೊಳೆದಿತ್ತು. ಕ್ಲಿನಿಕ್ಕಿನಲ್ಲಿ, ದಾರಿಯಲ್ಲಿ, ಅದನ್ನೇ ನುಂಗಲು ನೋಡಿದ್ದ. ಈಗ ಹೆಂಡತಿಯ ಮುಖ ನೋಡಿದ. ಅದರಲ್ಲಿ ಕೋಪವಿದ್ದಿದ್ದರೆ ಜಗಳವಾಡಬಹುದಿತ್ತು. ಕೋಪವಿರಲಿಲ್ಲ, ತನ್ನ ತಮ್ಮನನ್ನು ಎಷ್ಟು ಹೊತ್ತು ಹೀಗೆ ನಿಲ್ಲಿಸಿರುತ್ತಾನೆ ಎಂದು ಸುಮ್ಮನೆ ಕಾಯುತ್ತಿದ್ದಳು.

ಅವನು ಮೀಟರ್ ರೂಮಿಗೆ ಹೋದ. ಎಲ್ಲರೂ ಹಿಂದೆಯೇ ಬಂದರು. ಮೂಲೆಯಲ್ಲಿ ಕವಚದ ತುದಿ ಟೇಪು ಸುತ್ತಿಕೊಂಡು ಹಾಗೆಯೇ ಜೋತಾಡುತ್ತಿತ್ತು. ಜೇಡ ಬಲೆ ಕಟ್ಟಿತ್ತು.

"ಇದು ಇಲ್ಲಿ ಭೂಮಿಗೆ ಸೇರಿರಬೇಕಿತ್ತು," ಎಂದ ಭಾವ. ಈ ಸಲ ಅವನ ವಾಕ್ಯಗಳು ಚಿಕ್ಕವಾಗಿದ್ದವು. "ಸೇರಿದ್ದಿದ್ರೆ, ಒಳಗೆ ಸಿಪ್ಪೆ ಸೋತ ದಿನವೇ ಸ್ವಿಚ್ಚು ಬಿದ್ದುಹೋಗ್ತಿತ್ತು. ಕೆಲಸ ನಿಲ್ತಿತ್ತು, ಹುಡುಕ್ತಿದ್ವಿ, ಅಷ್ಟೇ. ಸೇರಿಲ್ಲದ್ದಕ್ಕೆ ಕರೆಂಟು ಕವಚ ಹಿಡಿದು ಬಂದು ಯಂತ್ರದ ಮೈಗೆ ಹತ್ತಿತು."

"ಯಾಕೆ ಸೇರಿಲ್ಲ?" ಎಂದಳು ದೊಡ್ಡಮ್ಮ.

"ಗ್ಲ್ಯಾಂಡು ಸೈಜು ತಪ್ಪಿತ್ತು. ಆಮೇಲೆ ಹಾಕೋಣ ಅಂದೆ. ನಾನೇ ಅಂದದ್ದು." ಆಮೇಲೆ ತಮ್ಮನ ಕಡೆ ನೋಡದೆ, "ಕಂಬಕ್ಕಿಂತ ಮುಂಚಿನ ತಪ್ಪು ಇದು," ಎಂದ.

"ಅವತ್ತು ಭಾಷಣ ಮಾಡಿದ್ರಲ್ಲ, ಅವತ್ತೇನಾ?"

"ಅವತ್ತೇ."

ದೊಡ್ಡಮ್ಮ ಜೋತಾಡುವ ತುದಿಯಿಂದ ಕಣ್ಣು ತೆಗೆದು ಅವನತ್ತ ತಿರುಗಿದಳು. "ಅವಳು ಹೇಳಿದ್ದು ಒಗೆಯೋ ಯಂತ್ರ. ನೀವು ಒಣಗಿಸೋ ಯಂತ್ರದ ಕಥೆ ಹೇಳಿದ್ರಂತೆ. ನೀರಲ್ಲಿ ನೆಂದ ಬಟ್ಟೆಗೂ ಆ ಸ್ಟ್ಯಾಟಿಕ್ಕು ಬರತ್ತಾ?"

"ಬರಲ್ಲ."

"ಅವಳಿಗೆ ಯಾರು ಹೇಳ್ತಾರೆ ಇದನ್ನ?"

"ನಾನು ಫೋನು ಮಾಡಿ..." ಎಂದು ತಮ್ಮ ಬಾಯಿ ತೆಗೆದ.

"ಫೋನಿನಲ್ಲಿ ಹೇಳಿದ್ದೇ ಸಾಕು ಸಾಹುಕಾರ್ರೇ. ಜುಮ್ ಅಂತ ಅವಳನ್ನ ಆಡಿಕೊಂಡವರಲ್ಲಿ ನಾನೂ ಒಬ್ಬಳು. ನಾನು ಹೋಗ್ತೀನಿ. ಆದ್ರೆ ಮೊದಲು ಇವರು ಹೋಗಲಿ."

ಕೇಬಲ್ಲಿನ ಗಾಯವಾದ ತುಂಡನ್ನು ಕತ್ತರಿಸಿ ತೆಗೆದು, ಹೊಸ ತುಂಡು ಕೂಡಿಸಿ, ಕವಚದ ತಂತಿಯನ್ನೂ ಈ ಬದಿಯಿಂದ ಆ ಬದಿಗೆ ಸೇರಿಸಿ, ಜೋಡಣೆಯ ಸುತ್ತ ರಾಳ ಸುರಿದು ಗಟ್ಟಿ ಮಾಡಿದರು. ಕಂಬ ಗೋಡೆಯ ಬದಿಗೆ ಹೋಯಿತು. ಗ್ಲ್ಯಾಂಡನ್ನು ಭಾವ ಪಟ್ಟಿ ಕಟ್ಟಿದ ಕೈಯಲ್ಲೇ ತಾನೇ ಬಿಗಿದ. ಯಂತ್ರಗಳಿಗೆ ಬೇರೆಯಾಗಿಯೂ ಒಂದು ಅರ್ತ್ ತಂತಿ ಎಳೆಸಿದ. ಮೀಟರು ಹಿಡಿದು ಎಲ್ಲ ಪರೀಕ್ಷೆ ಮಾಡಿ ಮುಗಿಸಿದಾಗ ಹೆಂಗಸರು ಒಳಗೆ ಹೋದರು, ದೊಡ್ಡಮ್ಮ ಕೊನೆಯವಳಾಗಿ. ಹೋಗುವಾಗ ಯಂತ್ರದ ಬಾಗಿಲನ್ನು ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿಯೇ ಹೋದಳು.

ಜುಮ್ಮಕ್ಕನ ಮನೆ ಇದ್ದದ್ದು ಒಂದು ಕಿರಿದಾದ ಓಣಿಯಲ್ಲಿ, ದರ್ಜಿ ಅಂಗಡಿಯ ಮೇಲಿನ ಕೋಣೆ. ಭಾವ ಭಾನುವಾರ ಬೆಳಿಗ್ಗೆ ಹೋದ. ಕಬ್ಬಿಣದ ಮೆಟ್ಟಿಲು ಹತ್ತುವಾಗ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ. ಚೆನ್ನಾಗಿಯೇ ಬಂದಿತ್ತು, ಸ್ವಲ್ಪ ಉದ್ದವಾಗಿತ್ತು. ಅವಳು ಬಾಗಿಲು ತೆಗೆದಳು, ಕಂಕುಳಲ್ಲಿ ಮಗು.

"ನಾನು ಲಾಂಡ್ರಿಯವರ..."

"ಗೊತ್ತು. ಸ್ಟ್ಯಾಟಿಕ್ ಭಾವ."

ಜೋಡಿಸಿಕೊಂಡದ್ದೆಲ್ಲ ಅಲ್ಲೇ ಚೆಲ್ಲಿಹೋಯಿತು. "ಅದು ಸ್ಟ್ಯಾಟಿಕ್ ಆಗಿರಲಿಲ್ಲಮ್ಮ. ಶಾಕೇ. ನೀನು ಹೇಳಿದ್ದು ಸರಿಯಾಗಿತ್ತು," ಎಂದ. ಪಟ್ಟಿ ಕಟ್ಟಿದ ಕೈಯನ್ನು ಸಾಕ್ಷಿಗೆಂಬಂತೆ ತುಸು ಎತ್ತಿದ.

ಅವಳು ಕೈ ನೋಡಿದಳು, ಮುಖ ನೋಡಿದಳು. ಒಳಗೆ ಬನ್ನಿ ಎನ್ನಲಿಲ್ಲ. "ಸರಿಯಾಗಿತ್ತು ಅಂತ ನನಗೆ ಗೊತ್ತಿತ್ತಲ್ಲ. ಮುಟ್ಟಿದವಳು ನಾನು."

"ಈಗ ಎಲ್ಲ ಸರಿ ಮಾಡಿಸಿದೀನಿ. ನೀನು ವಾಪಸ್ ಬರಬಹುದು. ಎಲ್ಲರ ಮುಂದೆ ನಾನು ಹೇಳ್ತೀನಿ."

"ಬರಲ್ಲ. ಕೆಳಗೆ ದರ್ಜಿಯವರ ಹತ್ರ ಕಾಜಾ ಗುಂಡಿ ಕೆಲಸ ಸಿಕ್ಕಿದೆ. ಅವರು ಕಡಿಮೆ ಕೊಡ್ತಾರೆ, ಆದ್ರೆ ಹೆಸರಿಟ್ಟು ಕರೆಯಲ್ಲ."

ಕ್ಷಮೆ ಕೇಳಿದರೆ ಎದುರಿನವರು ಕ್ಷಮಿಸುತ್ತಾರೆ, ಆಮೇಲೆ ಕಾಫಿ ಬರುತ್ತದೆ ಎಂದು ಭಾವ ಹೇಗೋ ನಂಬಿಕೊಂಡಿದ್ದ. ಇಳಿಯಲು ತಿರುಗಿದಾಗ ಅವಳೇ ಕರೆದಳು.

"ಬಂದಿದೀರಲ್ಲ, ಒಂದು ನೋಡಿ ಹೋಗಿ. ಬಚ್ಚಲಿನ ನಲ್ಲಿ ಮುಟ್ಟಿದ್ರೆ ಒಂದೊಂದ್ಸಲ ಹಾಗೇ ಆಗತ್ತೆ. ಮನೆ ಮಾಲೀಕರಿಗೆ ಹೇಳಿದ್ರೆ ನರ ವೀಕು ಅಂತಾರೋ ಏನೋ ಅಂತ ಹೇಳಿಲ್ಲ."

ಭಾವ ಒಳಗೆ ಹೋದ. ಕೋಣೆ ಒಂದೇ, ಮೂಲೆಯಲ್ಲಿ ಬಚ್ಚಲು, ನೀರು ಕಾಯಿಸುವ ಹಳೆಯ ಗೀಸರು. ಅವನು ಮೊದಲು ಮೇನ್ ಸ್ವಿಚ್ಚು ಇಳಿಸಿ, ಸ್ಟೂಲು ಕೇಳಿ ತೆಗೆದುಕೊಂಡು ಮೇಲೆ ಹತ್ತಿದ. ಗೀಸರಿನ ವೈರು ಕಾವಿಗೆ ಒಣಗಿ ಬಿರುಕು ಬಿಟ್ಟಿತ್ತು. ಅರ್ತ್ ತಂತಿಯನ್ನು ಯಾರೋ ಪುಣ್ಯಾತ್ಮರು ಕತ್ತರಿಸಿ ಗೋಡೆಯೊಳಗೆ ತುರುಕಿದ್ದರು. ಅವನು ಕೆಳಗಿಳಿದು ಅಂಗಡಿಗೆ ಹೋಗಿ ಹೊಸ ವೈರನ್ನೂ ಅರ್ತಿಗೆ ಹಸಿರು ತಂತಿಯನ್ನೂ ತಂದ. ಮಧ್ಯಾಹ್ನದವರೆಗೆ ಒಂದು ಕೈಯಲ್ಲಿ ಕೆಲಸ ಮಾಡಿದ. ಅವಳು ಮಗುವನ್ನು ಮಲಗಿಸಿ ಬಂದು ಟಾರ್ಚು ಹಿಡಿದಳು. ಅವನು ಅಭ್ಯಾಸಬಲದಿಂದ ಎರಡು ಸಲ ಪಾಠ ಶುರುಮಾಡಿದ. ಎರಡು ಸಲವೂ ಅವಳು ಪ್ರಶ್ನೆ ಕೇಳಿ ನಿಲ್ಲಿಸಿದಳು. ಈ ಹಸಿರು ತಂತಿ ಎಲ್ಲಿಗೆ ಹೋಗುತ್ತದೆ? ಹೋಗಿದೆ ಎಂದು ಹೇಗೆ ಗೊತ್ತಾಗುತ್ತದೆ? ಮಧ್ಯದಲ್ಲಿ ಕಡಿದಿದ್ದರೆ? ಅವನ ಗಲ್ಲಾದ ಮುಂದೆ ಇಷ್ಟು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಉತ್ತರ ಹೇಳಲು ಅವನು ಒಂದೊಂದು ಸಲ ಯೋಚಿಸಬೇಕಾಯಿತು.

"ಮುಗೀತು," ಎಂದು ಸ್ಟೂಲಿನಿಂದ ಇಳಿದ. "ಇನ್ನು ಭಯ ಇಲ್ಲ. ಅರ್ತ್ ಕೊಟ್ಟಿದೀನಿ."

"ತೋರಿಸಿ," ಎಂದಳು ಅವಳು.

ಭಾವ ಅವಳ ಕೈಯಿಂದ ಟಾರ್ಚು ತೆಗೆದುಕೊಂಡು, ಗೀಸರಿನಿಂದ ಗೋಡೆಗುಂಟ, ಬಾಗಿಲ ಮೇಲಿಂದ, ಕಬ್ಬಿಣದ ಮೆಟ್ಟಿಲಿಳಿದು ತಂತಿ ಮಣ್ಣು ಸೇರುವ ಹಿತ್ತಲಿನ ಅರ್ತ್ ಗುಂಡಿಯವರೆಗೆ ಆ ಹಸಿರು ತಂತಿಯ ಹಿಂದೆಯೇ ನಡೆದ. ಅವಳು ಒಂದೊಂದು ಜೋಡಣೆಯನ್ನೂ ಬಗ್ಗಿ ನೋಡುತ್ತ ಅವನ ಹಿಂದೆಯೇ ಇಳಿದಳು.